ಡಬ್ಬಿಯ ಹಿಂದೆ ನಿಲ್ಲುವವಳು

ಅವಳನ್ನು ಎಲ್ಲರೂ ತಂಗಿ ಎಂದೇ ಕರೆಯುತ್ತಿದ್ದರು. ಅಕ್ಕ ಕರೆದದ್ದನ್ನು ಕೇಳಿ ಅಕ್ಕಪಕ್ಕದವರು ಕರೆದರು, ಅಕ್ಕಪಕ್ಕದವರನ್ನು ಕೇಳಿ ಹಾಲು ಹಾಕುವವನು ಕರೆದ, ಕೊನೆಗೆ ಅವಳಿಗೆ ಕೆಲಸ ಕೊಡುವ ಹಲ್ಲಿನ ಡಾಕ್ಟರು ಕೂಡ, ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವರು, “ತಂಗಿಯವರೇ, ಈ ಹಲ್ಲಿನ ಸೆಟ್ಟು ಸೋಮವಾರಕ್ಕೆ ಬೇಕಿತ್ತಲ್ಲ” ಎನ್ನತೊಡಗಿದರು. ಐವತ್ತು ದಾಟಿ, ಕಿವಿಯ ಪಕ್ಕದ ಕೂದಲು ಬೆಳ್ಳಗಾದ ಮೇಲೂ ಅವಳು ತಂಗಿಯಾಗಿಯೇ ಉಳಿದಳು. ಅದರ ಬಗ್ಗೆ ಅವಳಿಗೆ ಬೇಸರವಿರಲಿಲ್ಲ. ತಂಗಿ ಅನ್ನಿಸಿಕೊಳ್ಳಬೇಕಾದರೆ ಮನೆಯಲ್ಲಿ ಅಕ್ಕ ಎನ್ನುವವಳೊಬ್ಬಳು ಇರಬೇಕು. ಇದ್ದಳು.

ಹೋದ ಚಳಿಗಾಲದಲ್ಲಿ ಆ ಅಕ್ಕ ಮದುವೆಯಾದಳು.

ಆಗಬಾರದೆಂದೇನಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರಾಗಿದ್ದು, ನಿವೃತ್ತಿಯಾಗಿ, ಇನ್ನೂ ಮೈದಾನದ ಆ ತುದಿಗೆ ಕೇಳಿಸುವಂತೆ ಮಾತಾಡುವ ಹೆಂಗಸು ಮದುವೆಯಾಗುತ್ತೇನೆಂದರೆ ಬೇಡ ಎನ್ನಲು ಯಾರಿಗೂ ಧೈರ್ಯವಿರಲಿಲ್ಲ. ಆದರೆ ಆ ಮದುವೆ ಕೂಡಿಬಂದದ್ದೇ ತಂಗಿಯ ಕೈಗುಣದಿಂದ. ಅವಳ ಕಸುಬು ಕಟ್ಟುಹಲ್ಲು ಮಾಡುವುದು. ಮನೆಯ ಹಿಂದಿನ ಜಗಲಿಯಲ್ಲಿ ಮೇಜು ಹಾಕಿಕೊಂಡು, ಪ್ಲಾಸ್ಟರಿನ ದವಡೆಗಳನ್ನು ಸಾಲಾಗಿಟ್ಟುಕೊಂಡು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತ ಅವಳು ದಿನ ಕಳೆಯುತ್ತಿದ್ದಳು. ಬಣ್ಣದ ಅಂಗಡಿಯ ಯಜಮಾನರೊಬ್ಬರು, ಹೆಂಡತಿ ತೀರಿಕೊಂಡವರು, ಕೆಳಗಿನ ಸೆಟ್ಟು ಕಚ್ಚುತ್ತದೆಂದು ಡಾಕ್ಟರ ಮಾತಿನ ಮೇಲೆ ನೇರ ಮನೆಗೇ ಬಂದರು. ತಂಗಿ ಒಳಗೆ ಕೂತು ಸೆಟ್ಟಿನ ಅಂಚು ಉಜ್ಜುತ್ತಿದ್ದರೆ ಹೊರಗೆ ಅಕ್ಕ ಅವರಿಗೆ ಚಹಾ ಕೊಟ್ಟು ಮಾತಿಗೆ ಕೂತಳು. ಸೆಟ್ಟು ಒಂದು ಸಲಕ್ಕೆ ಸರಿಹೋಗಲಿಲ್ಲ. ಎರಡನೆಯ ಸಲಕ್ಕೂ ಹೋಗಲಿಲ್ಲ. ಆಮೇಲಾಮೇಲೆ, ಸರಿಹೋದ ಮೇಲೂ ಅವರು ಕಚ್ಚುತ್ತದೆಂದು ಹೇಳಿಕೊಂಡು ಬರುತ್ತಿದ್ದಾರೆಂಬ ಗುಮಾನಿ ತಂಗಿಗೆ ಬಂತು.

“ನಾನು ಕಟ್ಟಿಕೊಟ್ಟ ಹಲ್ಲಲ್ಲೇ ನಕ್ಕು ನಮ್ಮಕ್ಕನ್ನ ಕರ್ಕೊಂಡು ಹೋದ್ರಿ” ಎಂದು ಮದುವೆಯ ದಿನ ಅವಳು ತಮಾಷೆ ಮಾಡಿದಳು. ಎಲ್ಲರೂ ನಕ್ಕರು. ಭಾವ ಎಲ್ಲರಿಗಿಂತ ಹೆಚ್ಚು ನಕ್ಕರು. ಅವರ ಮೇಲ್ದವಡೆಯ ಮುಂದಿನ ಹಲ್ಲಿನಲ್ಲಿ ತಾನು ಬೇಕೆಂದೇ ಇಟ್ಟ ಸಣ್ಣ ವಾರೆ, ಕಟ್ಟುಹಲ್ಲೆಂದು ಯಾರಿಗೂ ಗೊತ್ತಾಗದಿರಲೆಂದು ಇಟ್ಟದ್ದು, ಬೆಳಕಿಗೆ ಚೆನ್ನಾಗಿ ಕಂಡಿತು.

ಭಾವ ಒಳ್ಳೆಯವರು. ಅದೇ ತೊಂದರೆ. ತಮ್ಮ ಮನೆಯ ಹಿಂದಿನ ಕೋಣೆಗೆ ತಾವೇ ಬಣ್ಣ ಹೊಡೆದು, ತಿಳಿಹಸಿರು, ಕಿಟಕಿಗೆ ಹೊಸ ಚಿಲಕ ಹಾಕಿಸಿ, “ಇದು ತಂಗಿಗೆ” ಎಂದು ಬಾಗಿಲು ತೆರೆದು ತೋರಿಸಿದ್ದರು. ಒಂದು ಭಾನುವಾರ ಅವಳು ಅಲ್ಲಿ ಉಳಿದುಕೊಂಡಳು. ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಎದುರಿಗೇ ಊಟದ ಮೇಜು. ಮೇಜಿನ ಎರಡು ಕಡೆ ಇಬ್ಬರು ತಲೆಗೆ ತಲೆ ಕೊಟ್ಟು ಏನೋ ಗುಸುಗುಸು ನಗುತ್ತಿದ್ದವರು ಅವಳನ್ನು ಕಂಡು ನೆಟ್ಟಗೆ ಕೂತರು. “ಬಾ ಬಾ ಬಾ” ಎಂದು ಇಬ್ಬರೂ ಒಟ್ಟಿಗೇ ಕೂಗಿದರು, ಅವಳೇನೋ ಬೇರೆ ಊರಿಂದ ಬಂದು ಇಳಿದ ಹಾಗೆ. ಅಕ್ಕ ಎದ್ದು ಗಾಜಿನ ಕಪಾಟಿನಿಂದ ಅವಳಿಗೆಂದು ಕಪ್ಪು ತೆಗೆದಳು. ಅಂಚಿನಲ್ಲಿ ಬಂಗಾರದ ಗೆರೆಯಿದ್ದ, ಬಂದವರಿಗೆ ಕೊಡುವ ಕಪ್ಪು. ತಂಗಿ ಅದರಲ್ಲೇ ಚಹಾ ಕುಡಿದಳು. ಈ ಮನೆಯಲ್ಲಿ ತಾನು ಸಾಯುವವರೆಗೂ ಆ ಕಪ್ಪಿನಲ್ಲೇ ಕುಡಿಯಬೇಕಾಗುತ್ತದೆ ಎಂದು ಅವಳಿಗೆ ಅನ್ನಿಸಿತು.

ಬೇಸಿಗೆ ಹತ್ತಿರ ಬಂದಾಗ ಅವಳು ಬಾಯಿ ಬಿಟ್ಟಳು.

“ಡಬ್ಬಿ ತಗೊಂಡು ಹೋಗಿಬರ್ತೀನಿ ಅಕ್ಕ. ಕಡಲ ರಸ್ತೇಲಿ, ಕೊನೇವರೆಗೆ.”

ಡಬ್ಬಿ ಎಂದರೆ ಇಬ್ಬರೂ ಸೇರಿ ಕೊಂಡ ಪುಟ್ಟ ಟ್ರೇಲರ್. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವಂಥದು. ಒಳಗೆ ಎರಡು ಕಿರುಮಂಚ, ಮಡಚುವ ಮೇಜು, ಒಂದು ಒಲೆ, ಬಗ್ಗಿದರೆ ತಲೆ ತಾಗದಂಥ ಸೂರು. ಶಾಲೆಗೆ ರಜೆ ಸಿಕ್ಕ ಪ್ರತಿ ಬೇಸಿಗೆಯೂ ಅಕ್ಕ ಓಡಿಸುವುದು, ತಂಗಿ ಪಕ್ಕದಲ್ಲಿ ಕೂರುವುದು, ಕಡಲ ಬದಿಯ ಹೆದ್ದಾರಿಯಲ್ಲಿ ಮನಸ್ಸು ಬಂದಲ್ಲಿ ನಿಲ್ಲಿಸುವುದು.

“ನೀನೊಬ್ಬಳೇನಾ?” ಅಕ್ಕ ಕೇಳಿದಳು. “ಡಬ್ಬಿ ಹಿಂದಕ್ಕೆ ತಗೊಳೋಕೆ ಬರುತ್ತಾ ನಿನಗೆ?”

“ಕಲ್ತ್ಕೋತೀನಿ.”

“ಕೇಳಿದ್ರಾ?” ಎಂದು ಅಕ್ಕ ಗಂಡನ ಕಡೆ ತಿರುಗಿದಳು. “ಕಲ್ತ್ಕೋತಾಳಂತೆ. ಸೈಕಲ್ ಕಲಿಯೋಕೆ ಮೂರು ಬೇಸಿಗೆ ತಗೊಂಡವಳು ಇವಳು. ಅದೂ ಬ್ರೇಕ್ ಹಿಡ್ಕೊಂಡೇ ತುಳೀತಿದ್ಲು.”

“ಹೋಗಿ ಬರ್ಲಿ ಬಿಡೇ” ಎಂದರು ಭಾವ. “ಬಂದ ಮೇಲೆ ಇಲ್ಲಿಗೇ ಬರ್ತಾಳಲ್ಲ. ರೂಮೆಲ್ಲಿಗೆ ಹೋಗುತ್ತೆ?”

ಅಕ್ಕ ತಂಗಿಯನ್ನೇ ನೋಡಿದಳು. ಆ ರೂಮಿಗೆ ಬರಲು ತಂಗಿಗೆ ಮನಸ್ಸಿಲ್ಲವೆಂದು ಅವಳಿಗೆ ಅರ್ಥವಾಯಿತು. ಮೈದಾನದಲ್ಲಿ ಹುಡುಗಿಯರಿಗೆ ನಿಯಮ ಹೇಳುವ ದನಿಯಲ್ಲಿ ಹೇಳಿದಳು: “ಒಂದೇ ಮಾತು. ಕೊನೇವರೆಗೆ ಹೋಗಿ ನೆಟ್ಟಗೆ ವಾಪಸ್ ಬಂದ್ಯೋ, ನೀನು ಹೇಳಿದ ಹಾಗೆ. ಮನೇನೂ ನಿಂದು, ಡಬ್ಬೀನೂ ನಿಂದು, ಇರು ನಿನ್ನ ಪಾಡಿಗೆ. ಡಬ್ಬಿಗೆ ಒಂದು ಪೆಟ್ಟು ಬಿತ್ತೋ, ಮುಗೀತು. ಡಬ್ಬಿ ಮಾರೋದು, ಬಾಡಿಗೆ ಮನೆ ಬಿಡೋದು, ಗಂಟುಮೂಟೆ ಕಟ್ಕೊಂಡು ಇಲ್ಲಿಗೆ ಬರೋದು. ದಿನಾ ಸಂಜೆ ಫೋನ್ ಮಾಡ್ಬೇಕು. ಒಪ್ಪಿಗೇನಾ?”

“ಒಪ್ಪಿಗೆ” ಎಂದಳು ತಂಗಿ. ಅಕ್ಕನಿಗೆ ಅವಳು ಬೇರೆ ಉತ್ತರ ಕೊಟ್ಟದ್ದು ಯಾವತ್ತೂ ಇರಲಿಲ್ಲ.

ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದುಕೊಂಡು ಅವಳು ರಿವರ್ಸ್ ಕಲಿತಳು. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು, ಬಲಕ್ಕಾದರೆ ಎಡಕ್ಕೆ. ತಲೆಗೆ ಗೊತ್ತಿದ್ದರೂ ಕೈ ಒಪ್ಪುತ್ತಿರಲಿಲ್ಲ. ಡಬ್ಬಿ ಕಾಲು ಮುರಿದ ಕುದುರೆಯ ಹಾಗೆ ಒಂದು ಬದಿಗೆ ಕುಸಿದು ನಿಲ್ಲುತ್ತಿತ್ತು. ಕೊನೆಗೆ ಅಷ್ಟಿಷ್ಟು ಬಂತು. ಅಷ್ಟಿಷ್ಟೇ ಸಾಕೆಂದುಕೊಂಡು ಒಂದು ಬೆಳಗ್ಗೆ ಹೊರಟಳು.

ಹೆದ್ದಾರಿ ಮೊದಲ ದಿನವೇ ಕಡಲನ್ನು ಸೇರಿಕೊಂಡಿತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕೆಳಗೆಲ್ಲೋ ನೀರು, ನಡುವೆ ಬೆಟ್ಟದ ಸೊಂಟಕ್ಕೆ ಸುತ್ತಿದ ಪಟ್ಟಿಯ ಹಾಗೆ ರಸ್ತೆ. ಇಷ್ಟು ವರ್ಷ ಈ ರಸ್ತೆಯಲ್ಲಿ ನೀರು ನೋಡುವುದು ತಂಗಿಯ ಕೆಲಸ, ಡಾಂಬರು ನೋಡುವುದು ಅಕ್ಕನ ಕೆಲಸವಾಗಿತ್ತು. “ಏನಿದೆ ಹೇಳೇ” ಎಂದು ಅಕ್ಕ ಕೇಳುತ್ತಿದ್ದಳು. ತಂಗಿ ಹೇಳುತ್ತಿದ್ದಳು: ಇವತ್ತು ಸೀಸದ ಬಣ್ಣ, ಅಲ್ಲಿ ಬಂಡೆಯ ಮೇಲೆ ಹಕ್ಕಿಗಳು ಸಾಲಾಗಿ ಕೂತಿವೆ, ಒಂದು ದೋಣಿ ಎಲ್ಲಿಗೂ ಹೋಗದೆ ನಿಂತಿದೆ. ಈಗ ಅವಳ ಕಣ್ಣಿಗೆ ಬೀಳುತ್ತಿದ್ದುದು ಬಿಳಿಯ ಗೆರೆ, ಎರಡು ಸೈಡ್ ಕನ್ನಡಿ, ಕನ್ನಡಿಯೊಳಗೆ ಬೆನ್ನು ಹತ್ತಿದ ಡಬ್ಬಿ. ಪಕ್ಕದ ಸೀಟಿನಲ್ಲಿ ಬ್ರೆಡ್ಡಿನ ಚೀಲ ಕೂತಿತ್ತು. ತಿರುವು ಬಂದಾಗಲೆಲ್ಲ ಅದು ಅವಳ ಕಡೆ ವಾಲುತ್ತಿತ್ತು. ಅವಳು ಎಡಗೈಯಿಂದ ಅದನ್ನು ನೆಟ್ಟಗೆ ಕೂರಿಸುತ್ತಿದ್ದಳು.

ಹಿಂದಿನ ಗಾಡಿಗಳು ಹಾರ್ನ್ ಹೊಡೆದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಬದಿಯಲ್ಲಿ ಜಾಗ ಸಿಕ್ಕ ಕಡೆ ನಿಲ್ಲಿಸಿ ಎಲ್ಲರನ್ನೂ ಮುಂದೆ ಬಿಡುತ್ತಿದ್ದಳು. ಹಾಗೆ ನಿಲ್ಲಿಸಿದಾಗ ಕೆಳಗಿಳಿದು, ಕಂಬಿ ಹಿಡಿದು ಸಮುದ್ರ ನೋಡುತ್ತಿದ್ದಳು. ನೀರು ಹಿಂದಿನ ಹಾಗೇ ಇತ್ತು, ಇನ್ನೂ ಚೆನ್ನಾಗಿಯೇ ಇತ್ತು. ಆದರೆ ಯಾರಿಗೂ ಹೇಳಬೇಕಾಗಿಲ್ಲ ಎಂದಾದ ಮೇಲೆ ನೋಡುವುದು ಬೇಗ ಮುಗಿದುಹೋಗುತ್ತಿತ್ತು. ಮತ್ತೆ ಹತ್ತಿ ಕೂರುತ್ತಿದ್ದಳು.

ಸಂಜೆ ಫೋನು.

“ತಲುಪಿದ್ಯಾ?”

“ತಲುಪಿದೆ.”

“ಹಿಂದಕ್ಕೆ ತಗೊಂಡು ನಿಲ್ಸಿದ್ಯಾ?”

“ನಿಲ್ಸಿದೆ.”

ನಿಲ್ಲಿಸಿದ್ದು ನಿಜ, ಹಿಂದಕ್ಕೆ ತೆಗೆದುಕೊಂಡದ್ದು ಸುಳ್ಳು. ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬರಬಹುದಾದ ಬಯಲುಗಳನ್ನೇ ಅವಳು ಹುಡುಕಿಕೊಳ್ಳುತ್ತಿದ್ದಳು. ಇನ್ನೂ ಬಿಸಿಲಿರುವಾಗಲೇ, ಬೇರೆಯವರು ಬರುವ ಮೊದಲೇ ಹೋಗಿ ಸೇರಿಕೊಳ್ಳುತ್ತಿದ್ದಳು. ಮಧ್ಯಾಹ್ನವೆಲ್ಲ ಮಾಡಲು ಏನೂ ಇರುತ್ತಿರಲಿಲ್ಲ. ಒಂದು ಮೊಟ್ಟೆ ಬೇಯಿಸಿಕೊಂಡು, ಒಂದು ತಟ್ಟೆ ತೊಳೆದು, ಡಬ್ಬಿಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಡಬ್ಬಿಯ ಒಳಗೆ ಅಕ್ಕನ ಮಂಚದ ಮೇಲೆ ಬಟ್ಟೆಗಂಟು ಇಡಬಹುದಿತ್ತು. ಇಡಲು ಮನಸ್ಸಾಗದೆ ಎಲ್ಲವನ್ನೂ ತನ್ನ ಮಂಚದ ಕಾಲ ಬುಡದಲ್ಲಿ ಒಟ್ಟಿಕೊಂಡು, ಕಾಲು ಮಡಚಿ ಮಲಗುತ್ತಿದ್ದಳು.

ಹೀಗೇ ಕೊನೆಯವರೆಗೂ ಹೋಗಿಬಿಡಬಹುದಿತ್ತೇನೋ. ಆದರೆ ಶನಿವಾರ ಬಂತು. ಭೂಶಿರದ ಮೇಲೆ, ಟ್ರೇಲರು ನಿಲ್ಲಿಸಿ ತಂಗುವ ಬಿಡಾರದಲ್ಲಿ ಜನವೋ ಜನ. ಗೇಟಿನವನು ಒಂದು ಬೆರಳೆತ್ತಿ ತೋರಿಸಿದ. ಉಳಿದಿದ್ದುದು ಕೊನೆಯ ಒಂದು ಜಾಗ, ಒಂದು ಕಡೆ ಮೋರಿ, ಹಿಂದುಗಡೆ ಕಲ್ಲಿನ ಗೋಡೆ. ಹಿಂದಕ್ಕೆ ತೆಗೆದುಕೊಂಡೇ ನಿಲ್ಲಿಸಬೇಕು. ಮುಂದಿನ ಬಿಡಾರಕ್ಕೆ ಹೋಗೋಣವೆಂದರೆ ಬೆಟ್ಟದ ಮೇಲಿಂದ ಮಂಜು ಇಳಿದು ರಸ್ತೆ ನುಂಗುತ್ತಿತ್ತು.

ಇಲ್ಲಿ ಅಕ್ಕತಂಗಿಯರ ಒಂದು ಪದ್ಧತಿಯನ್ನು ಹೇಳಲೇಬೇಕು. ಡಬ್ಬಿ ಹಿಂದಕ್ಕೆ ಬರುವಾಗ ಅದರ ಹಿಂದೆ ನಿಂತು ಕೈ ತೋರಿಸುವವಳು ತಂಗಿ. ಅವಳು ಮೊದಲಿಂದಲೂ ಪುಕ್ಕಲಿ. ಡಬ್ಬಿ ಇನ್ನೂ ಅಷ್ಟು ದೂರ ಇರುವಾಗಲೇ ಎರಡೂ ಅಂಗೈ ಎತ್ತಿ, ನಿಲ್ಲು ನಿಲ್ಲು ಎಂದು ಅಡ್ಡ ಹಿಡಿಯುತ್ತಿದ್ದಳು. ಅಕ್ಕ ನಿಲ್ಲಿಸಿ, ಇಳಿದು ಬಂದು ನೋಡಿದರೆ ಹಿಂದೆ ಆನೆ ಮಲಗುವಷ್ಟು ಜಾಗ. ಒಂದೆರಡು ಬೇಸಿಗೆ ಬೈದಳು. ಆಮೇಲೆ ಬೈಯುವುದು ಬಿಟ್ಟು, ಅಂಗೈ ಕಂಡರೂ ಕಾಣದವಳಂತೆ ಬರತೊಡಗಿದಳು. ಗೋಡೆ ನಿಜವಾಗಿ ಹತ್ತಿರವಾದಾಗ ತಂಗಿ ಕೈ ಚಾಚುವುದನ್ನೂ ಮರೆತು ತಲೆಯ ಮೇಲೆ ಕೈ ಹೊತ್ತು ನಿಂತುಬಿಡುತ್ತಿದ್ದಳು. ಅಕ್ಕ ಆಗ ಬ್ರೇಕ್ ಹಾಕುತ್ತಿದ್ದಳು. ಯಾವತ್ತೂ ಒಂದು ಗೀರು ಬೀಳಲಿಲ್ಲ. ಹೀಗೆ ವರ್ಷಗಳು ಕಳೆದು ಅದೇ ಅವರ ಭಾಷೆಯಾಯಿತು: ಅಂಗೈ ಎಂದರೆ ಜಾಗವಿದೆ ಬಾ, ತಲೆಯ ಮೇಲೆ ಕೈ ಎಂದರೆ ನಿಲ್ಲು. ಲೋಕದಲ್ಲಿ ಬೇರೆಲ್ಲರೂ ಬೇರೆ ರೀತಿ ಮಾಡುತ್ತಾರೆಂಬುದು ಅವರಿಬ್ಬರಿಗೂ ಮರೆತೇಹೋಗಿತ್ತು.

ತಂಗಿ ಡಬ್ಬಿಯನ್ನು ಜಾಗದ ಬಾಯಿಗೆ ಅಡ್ಡಡ್ಡ ತಂದು, ಬೆವರಿದ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಕೂತಿರುವಾಗ ಪಕ್ಕದ ಟ್ರೇಲರಿನಿಂದ ದೊಡ್ಡ ಟೋಪಿಯ ಒಬ್ಬರು ಎದ್ದು ಬಂದರು. ಅವರ ಹೆಂಡತಿ ಮಡಚುವ ಕುರ್ಚಿಯಲ್ಲಿ ಕೂತೇ, “ಕರೀದೆ ಹೋಗ್ಬೇಡೀಂದ್ರೆ” ಎಂದರು.

“ಕರಿಯೋದೇನು, ಒಂಟಿ ಹೆಂಗಸು ಪಾಪ” ಎಂದ ಟೋಪಿಯವರು ಕಾರಿನ ಕಿಟಕಿಗೆ ಬಗ್ಗಿದರು. “ಬನ್ನಿ ತಾಯಿ. ನಾನು ಹಿಂದೆ ನಿಂತಿರ್ತೀನಿ. ನನ್ನ ಕೈ ನೋಡ್ಕೊಂಡು ಬನ್ನಿ, ಸಾಕು.”

ಅವಳು ಬಂದಳು. ಸ್ಟೇರಿಂಗ್ ಬಲಕ್ಕೆ, ಡಬ್ಬಿ ಎಡಕ್ಕೆ. ಮೈದಾನದಲ್ಲಿ ಬಾರದ ಹದ ಅವತ್ತು ಕೈಗೆ ತಾನಾಗಿ ಬಂತು. ಡಬ್ಬಿ ಮೋರಿಯನ್ನು ಬಿಟ್ಟು ನೆಟ್ಟಗೆ ಒಳಗೆ ಸರಿಯಿತು. ಕನ್ನಡಿಯಲ್ಲಿ ಟೋಪಿಯವರು ಕಂಡರು. ಎರಡೂ ಅಂಗೈ ಎತ್ತಿದ್ದರು. ಆ ಅಂಗೈಗಳನ್ನು ಕಂಡದ್ದೇ ಅವಳ ಎದೆ ಹಗುರಾಯಿತು. ಇನ್ನೂ ಜಾಗವಿದೆ. ಅವರು ಅಂಗೈಗಳನ್ನು ಜೋರಾಗಿ ಅಲ್ಲಾಡಿಸತೊಡಗಿದರು. ಪಾಪ, ಎಷ್ಟು ಹೆದರಿಕೆ ಮನುಷ್ಯನಿಗೆ, ನನ್ನ ಹಾಗೇ, ಎಂದುಕೊಂಡು ತಂಗಿ ಮುಗುಳ್ನಕ್ಕಳು. ಅಕ್ಕನ ಸೀಟಿನಲ್ಲಿ ಕೂತು ಅಕ್ಕ ಬರುತ್ತಿದ್ದ ಹಾಗೇ, ಕಂಡರೂ ಕಾಣದವಳಂತೆ ಬಂದಳು.

ತಗಡು ಕಲ್ಲಿಗೆ ಕೂತ ಸದ್ದು ಅವಳ ಹಲ್ಲಿನ ಬೇರಿಗೆ ತಾಗಿತು. ಡಬ್ಬಿ ಒಮ್ಮೆ ಕುಲುಕಿ, ಓರೆಯಾಗಿ, ಒಂದು ಚಕ್ರ ಮೋರಿಗೆ ಇಳಿಯಿತು. ಕನ್ನಡಿಯಲ್ಲಿ ಟೋಪಿ ಮಾತ್ರ ನೆಲದ ಮೇಲಿತ್ತು, ಟೋಪಿಯವರು ಇರಲಿಲ್ಲ.

ಅವಳು ಇಳಿದು ಹಿಂದಕ್ಕೆ ಓಡಿದಳು. ಟೋಪಿಯವರು ಮೋರಿಯಲ್ಲಿ ಕೂತಿದ್ದರು. ಹಾರಿಕೊಂಡು ತಪ್ಪಿಸಿಕೊಂಡಿದ್ದರು. ಬೋಳುತಲೆಗೆ ಕೆಸರು ಹತ್ತಿತ್ತು. ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿದುಕೊಂಡಿದ್ದರು.

“ಎರಡೂ ಕೈ ಎತ್ತಿ ಅಡ್ಡ ಹಿಡಿದಿದ್ನಲ್ಲ ತಾಯಿ! ಕಾಣ್ಲಿಲ್ವಾ?”

“ಕಾಣಿಸ್ತು.”

“ಕಾಣಿಸ್ತಾ? ಕೇಳಿದ್ಯೇನೇ, ಕಾಣಿಸ್ತಂತೆ! ಕಾಣಿಸಿಯೂ ಬಂದ್ರಾ?”

“ನೀವು ತಲೆ ಮೇಲೆ ಕೈ ಇಟ್ಕೊಳ್ಲಿಲ್ವಲ್ಲ” ಎಂಬ ಮಾತು ಅವಳ ಬಾಯಿಂದ ಹೊರಬಿದ್ದುಹೋಯಿತು.

ಟೋಪಿಯವರು ಅವಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. “ಈಗ ಇಟ್ಕೋತೀನಿ ನೋಡಿ” ಎಂದು ನೋವಿಲ್ಲದ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರು.

ನಾಲ್ಕಾರು ಜನ ಸೇರಿ ಚಕ್ರವನ್ನು ಮೋರಿಯಿಂದ ಎತ್ತಿದರು. ಎಲ್ಲಿ ನಿಲ್ಲಿಸಬೇಕಿತ್ತು, ಹೇಗೆ ತಿರುಗಿಸಬೇಕಿತ್ತು ಎಂದೆಲ್ಲ ಅವಳನ್ನು ಬಿಟ್ಟು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ತಂಗಿ ಒಳಗಿಂದ ಪಟ್ಟಿ ತಂದು ಟೋಪಿಯವರ ಮಣಿಕಟ್ಟು ಕಟ್ಟಿದಳು. ಮೂಳೆಗೆ ಏನೂ ಆಗಿರಲಿಲ್ಲ, ಉಳುಕಿತ್ತು. ಕೂದಲೆಳೆ ಅಂತರದಲ್ಲಿ ಕೆಲಸ ಮಾಡಿ ರೂಢಿಯಾದ ಬೆರಳುಗಳು ಪಟ್ಟಿಯನ್ನು ಒಂದರ ಮೇಲೊಂದು ಒಪ್ಪವಾಗಿ ಸುತ್ತಿದವು.

“ಕಟ್ಟೋದೇನೋ ಚೆನ್ನಾಗಿ ಕಟ್ತೀರಿ” ಎಂದರು ಟೋಪಿಯವರು, ಇನ್ನೂ ಮುನಿಸಿನಲ್ಲೇ.

“ಇನ್ನೊಬ್ಬರಿಗೆ ಸಹಾಯ ಮಾಡೋಕೆ ಹೋಗದ ಹಾಗೆ ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟಿ” ಎಂದರು ಅವರ ಹೆಂಡತಿ. ಹಾಗೆಂದು ಗಂಡನ ಟೋಪಿಯನ್ನು ಮಂಡಿಗೆ ಬಡಿದು, ಕೆಸರು ಕೊಡವಿ, ಅವರ ತಲೆಗೆ ತಾವೇ ಇಟ್ಟರು. ಸ್ವಲ್ಪ ಓರೆಯಾಗಿತ್ತು, ಬೆರಳಿನಿಂದ ಸರಿಮಾಡಿದರು. ತಂಗಿ ಮುಖ ಬೇರೆ ಕಡೆ ತಿರುಗಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಅವಳು ಡಬ್ಬಿಯನ್ನು ಸುತ್ತಿ ನೋಡಿದಳು. ಹಿಂದಿನ ಮೂಲೆಯ ತಗಡು ಊಟದ ತಟ್ಟೆಯಷ್ಟಗಲ ಒಳಗೆ ಹೋಗಿತ್ತು. ಒಂದು ದೀಪ ಪುಡಿಯಾಗಿತ್ತು. ಒಳಗೆ ಹೋಗಿ ನೋಡಿದರೆ ಅಕ್ಕನ ಮಂಚದ ತಲೆಯ ಕಡೆ ಗೋಡೆ ಹೊಟ್ಟೆಯ ಹಾಗೆ ಉಬ್ಬಿತ್ತು. ಮಂಚದ ಅಂಚಿನಲ್ಲಿ ಕೂತು ಆ ಉಬ್ಬಿನ ಮೇಲೆ ಕೈಯಾಡಿಸಿದಳು.

ಮುಚ್ಚಿಡುವುದು ಅವಳಿಗೆ ಕಷ್ಟವಿರಲಿಲ್ಲ. ತಗಡು ತಟ್ಟುವವರ ಹತ್ತಿರ ಉಬ್ಬು ತೆಗೆಸಿ, ಉಳಿದ ತಗ್ಗನ್ನು ತಾನೇ ತುಂಬಿ, ಉಜ್ಜಿ, ನುಣುಪು ಮಾಡಿ, ಬಣ್ಣ ಕೂಡಿಸಿಬಿಟ್ಟರೆ ಸಾಕು. ಒಬ್ಬೊಬ್ಬರ ಬಾಯಿಯ ಬಿಳುಪಿಗೆ ತಕ್ಕ ಬಿಳುಪು ಹುಡುಕಿ, ಹೆಂಡಿರಿಗೆ ಗಂಡಂದಿರ ಹಲ್ಲಿನ ಗುಟ್ಟು ತಿಳಿಯದ ಹಾಗೆ ಮಾಡಿಕೊಡುವವಳು ಅವಳು. ಇಲ್ಲದ್ದನ್ನು ಇದೆ ಅನ್ನಿಸುವುದೇ ಅವಳ ಕಸುಬು. ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದರೂ ಗೊತ್ತಾಗುತ್ತಿರಲಿಲ್ಲ. ಸಂಜೆ ಫೋನು ಮಾಡಿದಾಗ ‘ನಿಲ್ಸಿದೆ’ ಎಂದರೆ ಆಯಿತು. ದಿನಾ ಹೇಳುತ್ತಿದ್ದ ಸುಳ್ಳಿಗಿಂತ ಅದೇನೂ ದೊಡ್ಡದಲ್ಲ.

ಅವಳು ಫೋನು ಮಾಡುವ ಮೊದಲೇ ಅಕ್ಕ ಮಾಡಿದಳು.

“ಯಾಕೆ ಇಷ್ಟು ಹೊತ್ತು? ನಿಲ್ಸಿದ್ಯಾ?”

ತಂಗಿ ಬಾಯಿ ತೆರೆದಳು. ಮೋರಿಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತ ಮನುಷ್ಯನ ಮುಖ ಕಣ್ಣ ಮುಂದೆ ಬಂತು. ಈ ಬಿಡಾರದಲ್ಲಿ ಅಷ್ಟು ಜನರಿದ್ದರು, ಊರಿನಲ್ಲಿ ಎಷ್ಟೋ ಜನರಿದ್ದರು. ಇವತ್ತು ಏನಾಯಿತೆಂದು ಹೇಳಿದರೆ ತಿಳಿದುಕೊಳ್ಳುವ ಜೀವ ಒಂದೇ ಒಂದಿತ್ತು, ಅದು ಫೋನಿನ ಆ ತುದಿಯಲ್ಲಿ ಉಸಿರಾಡುತ್ತಿತ್ತು. ಅದಕ್ಕೆ ಹೇಳದೆ ಇರಲು ಅವಳಿಂದಾಗಲಿಲ್ಲ.

“ಅಕ್ಕ, ಒಬ್ಬರು ಹಿಂದೆ ನಿಂತು ಅಂಗೈ ತೋರ್ಸಿದ್ರು.”

ಆ ಕಡೆಯಿಂದ ಅಕ್ಕನ ದನಿ, ಮೆಲ್ಲಗೆ: “ಅಯ್ಯೋ ಹುಚ್ಚಿ. ಬಂದುಬಿಟ್ಯಾ?”

“ಬಂದುಬಿಟ್ಟೆ.”

“ಎರಡೂ ಅಂಗೈನಾ?”

“ಎರಡೂ. ಅಲ್ಲಾಡಿಸ್ತಾನೂ ಇದ್ರು. ಪಾಪ ಹೆದರ್ಕೊಂಡಿದಾರೆ ಅಂತ ನಾನು ನಗ್ತಿದ್ದೆ.”

ಅಕ್ಕ ಮೊದಲು ಉಸಿರು ಬಿಗಿಹಿಡಿದು ನೋಡಿದಳು, ಆಗಲಿಲ್ಲ. ನಗು ಒಡೆದುಕೊಂಡು ಬಂತು. ತಂಗಿಗೂ ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ, ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಶುರುಮಾಡುವ ಹಾಗೆ ನಕ್ಕರು. ಫೋನಿನಲ್ಲಿ ದೂರದಿಂದ ಭಾವ “ಏನಾಯ್ತೇ?” ಎನ್ನುವುದು ಕೇಳಿಸಿತು. “ನಿಮಗೆ ಅರ್ಥ ಆಗಲ್ಲ ಬಿಡ್ರಿ” ಎಂದಳು ಅಕ್ಕ. ಚಳಿಗಾಲದಿಂದ ಈಚೆಗೆ ತಂಗಿಗೆ ಇಷ್ಟು ಹಿತವಾದ ಮಾತು ಯಾರೂ ಆಡಿರಲಿಲ್ಲ. ಅದನ್ನು ಕೇಳಿಸಿಕೊಂಡೇ ಕೂತಳು.

“ಎಷ್ಟು ಪೆಟ್ಟಾಯ್ತು?” ಅಕ್ಕ ಮೂಗು ಒರೆಸಿಕೊಂಡು ಕೇಳಿದಳು.

ತಂಗಿ ಎಲ್ಲ ಹೇಳಿದಳು. ತಗಡು, ದೀಪ, ಉಳುಕಿದ ಕೈ.

“ಸರಿ. ಹೋಗ್ಲಿ, ಮನುಷ್ಯನಿಗೇನೂ ಆಗ್ಲಿಲ್ವಲ್ಲ. ನೀನು ಅಲ್ಲೇ ಇರು. ನಾಳೆ ನಾವಿಬ್ಬರೂ ಬರ್ತೀವಿ. ಡಬ್ಬೀನ ನಾನು ಎಳ್ಕೊಂಡು ಬರ್ತೀನಿ. ನಿಲ್ಸೋವಾಗ ನೀನು ಹಿಂದೆ ನಿಂತ್ರೆ ಆಯ್ತು, ಮೊದಲಿನ ಹಾಗೆ.” ಅಕ್ಕನ ದನಿಯಲ್ಲಿ ಹುಮ್ಮಸ್ಸಿತ್ತು. “ರೂಮಿಗೆ ಪರದೆ ಒಂದು ಬಾಕಿ. ಬಂದ ಮೇಲೆ ನೀನೇ ಆರಿಸ್ಕೊ.”

ಮೊದಲಿನ ಹಾಗೆ. ಹೂಂ ಎಂದುಬಿಟ್ಟರೆ ನಾಳೆ ಸಂಜೆಗೆ ಅಕ್ಕ ಈ ಮಂಚದಲ್ಲೇ ಕೂತಿರುತ್ತಾಳೆ. ಒಂದು ಸಂಜೆ, ಹೆಚ್ಚೆಂದರೆ ಎರಡು. ಆಮೇಲೆ ತಿಳಿಹಸಿರು ಗೋಡೆ, ಎದುರಿಗೆ ಊಟದ ಮೇಜು.

“ಬೇಡ ಅಕ್ಕ.”

“ಏನು ಬೇಡ? ಪರದೇನಾ?”

“ನೀವು ಬರೋದು ಬೇಡ. ನಾನು ಮುಂದಕ್ಕೆ ಹೋಗ್ತೀನಿ.”

“ಮಾತು ಕೊಟ್ಟಿದ್ದೆ ನೀನು.”

“ಕೊಟ್ಟಿದ್ದೆ. ತಪ್ತಾ ಇದ್ದೀನಿ.” ತನ್ನ ದನಿ ತನಗೇ ಗುರುತು ಸಿಗಲಿಲ್ಲ. “ಆ ರೂಮಿಗೆ ನಾನು ಬರಲ್ಲ. ಒಂದು ಪೆಟ್ಟಲ್ಲ, ಡಬ್ಬಿ ಪೂರ್ತಿ ಚಪ್ಪಟೆ ಆದ್ರೂ ಬರಲ್ಲ.”

“ನಿನ್ನ ಒಬ್ಬಳನ್ನೇ ಬಿಟ್ಟು ಬಂದೆ ಅಂತ ನನಗೆ ರಾತ್ರಿ ಎಲ್ಲ ಕಣ್ಣು ಮುಚ್ಚೋಕಾಗಲ್ಲ, ಗೊತ್ತಾ ನಿನಗೆ?”

“ಗೊತ್ತು. ಅದಕ್ಕೇನು ಮಾಡ್ಲಿ ಅಕ್ಕ? ನಿನಗೆ ನಿದ್ದೆ ಬರ್ಲಿ ಅಂತ ನಾನು ಬಂದು ಅಲ್ಲಿ ಮಲಗೋಕಾಗುತ್ತಾ?”

ಫೋನಿನಲ್ಲಿ ಯಾರೋ ಪಾತ್ರೆ ಇಟ್ಟ ಸದ್ದು ಕೇಳಿಸಿತು. ಅಕ್ಕ ಮಾತಾಡಿದಾಗ ಮೈದಾನದ ದನಿ ಇರಲಿಲ್ಲ. “ಎಷ್ಟು ಮಾತು ಕಲ್ತಿದ್ದೀಯೇ” ಎಂದಳು. “ಆಯ್ತು. ನಿನ್ನಿಷ್ಟ. ನಾಳೆಯಿಂದ ಫೋನ್ ಮಾಡ್ಬೇಕಾಗಿಲ್ಲ” ಎಂದು ಇಟ್ಟುಬಿಟ್ಟಳು.

ತಂಗಿ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಮತ್ತೆ ಕರೆ ಬರಲಿಲ್ಲ. ಅಕ್ಕನ ಮುನಿಸು ಅವಳಿಗೆ ಹೊಸದಲ್ಲ, ವಾರಗಟ್ಟಲೆ ನಡೆಯುತ್ತಿತ್ತು. ಆದರೆ ಇಷ್ಟು ದಿನ ಆ ಮುನಿಸು ಅದೇ ಮನೆಯಲ್ಲಿ, ಅದೇ ಮೇಜಿನಲ್ಲಿ ಎದುರಿಗೆ ಕೂತು ಊಟ ಮಾಡುತ್ತಿತ್ತು. ಉಪ್ಪು ಬೇಕಾದಾಗ ತಾನಾಗಿ ಮುರಿದುಹೋಗುತ್ತಿತ್ತು. ಈಗ ಅದಕ್ಕೆ ಮುರಿಯಲು ನೆವವೇ ಇಲ್ಲ.

ಬೆಳಗ್ಗೆ ಬಿಡಾರದ ಬಳಿಯ ಗ್ಯಾರೇಜಿನವನು ಬಂದು ಹೊಸ ದೀಪ ಹಾಕಿದ. ತಗಡನ್ನು ಒಳಗಿಂದ ತಟ್ಟಿ ಅರ್ಧದಷ್ಟು ಹೊರಗೆ ತಂದ. “ಪೂರ್ತಿ ಮಾಡ್ಬೇಕಾದ್ರೆ ಎರಡು ದಿನ ಬಿಟ್ಟು ಹೋಗಿ. ಗೊತ್ತೇ ಆಗದ ಹಾಗೆ ಮಾಡಿಕೊಡ್ತೀನಿ” ಎಂದ. ಇಷ್ಟೇ ಸಾಕೆಂದಳು. ಟೋಪಿಯವರಿಗೆ ಹೇಳಿ ಹೋಗೋಣವೆಂದು ನೋಡಿದರೆ ಗಂಡಹೆಂಡಿರಿಬ್ಬರೂ ಒಂದೇ ದುರ್ಬೀನಿನಿಂದ ಸರದಿಯ ಮೇಲೆ ಸಮುದ್ರ ನೋಡುತ್ತ, ಕಂಡದ್ದು ಹಡಗೋ ಬಂಡೆಯೋ ಎಂದು ಜಗಳವಾಡುತ್ತಿದ್ದರು. ಅವಳು ಸುಮ್ಮನೆ ಕಾರು ಹತ್ತಿದಳು.

ದಿನವಿಡೀ ಫೋನು ಬರಲಿಲ್ಲ. ಒಂದು ಕಡೆ ನಿಲ್ಲಿಸಿದಾಗ ತೆಗೆದು ನೋಡಿದಳು, ಸದ್ದು ಕಡಿಮೆಯಾಗಿದೆಯೇನೋ ಎಂದು. ಆಗಿರಲಿಲ್ಲ.

ರಸ್ತೆ ಮುಗಿಯುವ ಊರಿನ ಬಿಡಾರ ಅವಳು ತಲುಪುವಾಗ ಬಿಸಿಲು ಹಳದಿಯಾಗಿತ್ತು. ಅಲ್ಲಿಯೂ ಹಿಂದಕ್ಕೇ ತೆಗೆದುಕೊಳ್ಳಬೇಕಿತ್ತು. ಎರಡು ಟ್ರೇಲರುಗಳ ನಡುವೆ, ಹಿಂದೆ ಒಂದು ನಲ್ಲಿಕಟ್ಟೆ. ಅವಳು ನಿಲ್ಲಿಸಿದ್ದೇ ಜನ ಕತ್ತೆತ್ತಿದರು. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡ ಒಬ್ಬಳು ಚಪ್ಪಲಿ ಮೆಟ್ಟಿಕೊಂಡು ಬಂದಳು. “ಆಂಟಿ, ನಾನು ಹಿಂದೆ ನಿಂತ್ಕೊಳ್ಲಾ?”

“ಬೇಡಮ್ಮ” ಎಂದಳು ತಂಗಿ. “ನಾನೇ ಇಳಿದು ನೋಡ್ಕೋತೀನಿ.”

“ಒಬ್ರೇನಾ? ತುಂಬ ಹೊತ್ತಾಗುತ್ತೆ ಆಂಟಿ.”

“ಆಗ್ಲಿ.”

ಒಂದು ಮಾರು ಹಿಂದಕ್ಕೆ ಬಂದು ನಿಲ್ಲಿಸಿದಳು. ಇಳಿದಳು. ಡಬ್ಬಿಯ ಹಿಂದೆ ಹೋಗಿ ನೋಡಿ, ಇಷ್ಟು ಜಾಗವಿದೆ ಎಂದು ಕಣ್ಣಲ್ಲೇ ಅಳೆದುಕೊಂಡು, ಮರಳಿ ಬಂದು ಹತ್ತಿದಳು. ಮತ್ತೊಂದಿಷ್ಟು. ಡಬ್ಬಿ ಸೊಟ್ಟಗಾಯಿತು. ಮುಂದಕ್ಕೆ ಎಳೆದು ಸರಿಮಾಡಿಕೊಂಡು ಮತ್ತೆ ಮೊದಲಿಂದ. ಕುರ್ಚಿಯಲ್ಲಿ ಕೂತವರು ಮೊದಮೊದಲು ನಗುತ್ತಿದ್ದರು, ಎಡಕ್ಕೆ ಬಲಕ್ಕೆ ಎಂದು ಕೂಗುತ್ತಿದ್ದರು. ಒಬ್ಬರು ಎದ್ದು ನಿಂತು ಕೈ ಬೀಸಿದರು. ಅವಳು ಆ ಕಡೆ ನೋಡಲಿಲ್ಲ. ಇಳಿಯುವುದು, ನೋಡುವುದು, ಹತ್ತುವುದು. ಮುಖ ಬಿಸಿಯಾಗಿತ್ತು, ಮಂಡಿ ನೋಯುತ್ತಿತ್ತು. ಸ್ವಲ್ಪ ಹೊತ್ತಿಗೆ ನೋಡುವವರಿಗೂ ಬೇಸರ ಬಂತು. ಕುರ್ಚಿಗಳನ್ನು ಸಮುದ್ರದ ಕಡೆ ತಿರುಗಿಸಿಕೊಂಡರು. ಮಗುವಿನವಳು ಒಳಗೆ ಹೋಗಿ ದೀಪ ಹಾಕಿದಳು.

ತಂಗಿ ಬ್ರೇಕ್ ಹಾಕಿ ಮತ್ತೊಮ್ಮೆ ಇಳಿದಳು. ನಲ್ಲಿಕಟ್ಟೆಗೂ ಡಬ್ಬಿಗೂ ನಡುವೆ ಅವಳೊಬ್ಬಳು ಅಡ್ಡವಾಗಿ ನಿಲ್ಲುವಷ್ಟು ಜಾಗವಿತ್ತು. ಅವಳು ನಿಂತು ನೋಡಿದಳು. ಸಾಕೆನ್ನಿಸಿತು. ಹೋಗಿ ಎಂಜಿನ್ ಆರಿಸಿದಳು.